ಬೇವು ಎಲ್ಲರದು, ಪೇಟೆಂಟ್ ಯಾರದು?

ಕೇಳುಗರೆ, ನಮಸ್ಕಾರ.

ಕಲಬುರಗಿ, ಬೀದರ್, ಯಾದಗಿರಿ ಕಡೆ ಹೊಲ ಇದ್ದವರಿಗೆ ಬೇವಿನ ಬೀಜದ ಕಷಾಯ ಹೊಸದೇನಲ್ಲ. ತೊಗರಿಗೆ ಕಾಯಿಕೊರಕ ಬಂತು ಅಂದರೆ ಐದು ಕಿಲೋ ಬೀಜ ಕುಟ್ಟಿ ಪುಡಿ ಮಾಡುತ್ತೇವೆ. ರಾತ್ರಿಯೆಲ್ಲ ನೀರಲ್ಲಿ ನೆನೆಹಾಕಿ, ಬೆಳಗ್ಗೆ ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸಾಬೂನು ಕಲಸಿ, ನೂರು ಲೀಟರ್ ಆಗುವಷ್ಟು ನೀರು ಸೇರಿಸಿ ಹೊಡೆಯುತ್ತೇವೆ. ಕೈಗೆ ಹತ್ತಿದ ಕಹಿ ಮಧ್ಯಾಹ್ನ ರೊಟ್ಟಿ ಮುರಿಯುವಾಗಲೂ ಬಿಟ್ಟಿರುವುದಿಲ್ಲ. ಈ ಕಷಾಯಕ್ಕೆ ಒಂದೇ ತೊಂದರೆ. ಇಟ್ಟರೆ ಕೆಡುತ್ತದೆ. ಮಾಡಿದ ದಿನವೇ ಹೊಡೆದು ಮುಗಿಸಬೇಕು.

ಬೀಜದೊಳಗೆ ಕೆಲಸ ಮಾಡುವ ಮುಖ್ಯ ವಸ್ತುವಿನ ಹೆಸರು ಅಜಾಡಿರಾಕ್ಟಿನ್. ಬಿಸಿಲಿಗೆ, ನೀರಿಗೆ ಬೇಗ ಹಾಳಾಗುತ್ತದೆ. ಬೇವಿನ ಬೀಜದ ರಸವನ್ನು ಕೆಡದಂತೆ ಹೆಚ್ಚು ದಿನ ಇಡುವ ವಿಧಾನಕ್ಕೆ ಅಮೆರಿಕದ ಡಬ್ಲ್ಯು. ಆರ್. ಗ್ರೇಸ್ ಎಂಬ ಕಂಪನಿ 1990ರಲ್ಲಿ ಅಲ್ಲಿ ಪೇಟೆಂಟ್ ಪಡೆಯಿತು. ಪೇಟೆಂಟ್ ಅಂದರೆ, ಹೊಸದು ಮಾಡಿದವರ ಒಪ್ಪಿಗೆ ಇಲ್ಲದೆ ಬೇರೆಯವರು ಅದನ್ನು ಬಳಸದಂತೆ ತಡೆಯುವ ಹಕ್ಕು. ನಮ್ಮಲ್ಲಿ ಗುಲ್ಲೆದ್ದಿತು. ಬೇವಿನ ಮರವನ್ನೇ ಅಮೆರಿಕದವರು ಬರೆಸಿಕೊಂಡರಂತೆ ಅಂತ. ಹಾಗೇನೂ ಆಗಿರಲಿಲ್ಲ. ಮರಕ್ಕೆ ಪೇಟೆಂಟ್ ಇಲ್ಲ, ಬೀಜಕ್ಕೂ ಇಲ್ಲ. ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜುವವರನ್ನು ಯಾರೂ ಕೇಳುವ ಹಾಗೂ ಇಲ್ಲ. ಪೇಟೆಂಟ್ ಸಿಕ್ಕಿದ್ದು ಒಂದು ವಿಧಾನಕ್ಕೆ. ಅದೂ ಅಮೆರಿಕದೊಳಗೆ ಮಾತ್ರ, ಕೆಲವು ವರ್ಷಗಳ ಮಟ್ಟಿಗೆ.

ಆದರೆ ಸಿಟ್ಟು ಪೂರ್ತಿ ಸುಳ್ಳೂ ಅಲ್ಲ. ಅದೇ ಕಂಪನಿ, ಅಮೆರಿಕದ ಕೃಷಿ ಇಲಾಖೆ ಜೊತೆ ಸೇರಿ, 1994ರಲ್ಲಿ ಯುರೋಪಿನಲ್ಲಿ ಇನ್ನೊಂದು ಪೇಟೆಂಟ್ ಪಡೆಯಿತು. ಬೇವಿನ ಎಣ್ಣೆಯಿಂದ ಬೆಳೆಯ ಬೂಷ್ಟು ರೋಗ ತಡೆಯುವ ವಿಧಾನಕ್ಕೆ. ಇದರಲ್ಲಿ ಹೊಸದೇನಿದೆ ಅಲ್ವಾ? ಪರಿಸರ ಹೋರಾಟಗಾರ್ತಿ ವಂದನಾ ಶಿವ ಮತ್ತು ಅವರ ಜೊತೆಗಾರರು ತಕರಾರು ಹಾಕಿದರು. 2000ರಲ್ಲಿ ಆ ಪೇಟೆಂಟ್ ರದ್ದಾಯಿತು. ಪೇಟೆಂಟ್ ಹೊಂದಿದ್ದವರು ಮೇಲ್ಮನವಿಗೆ ಹೋದರು. ಅದೂ 2005ರ ಮಾರ್ಚ್‌ನಲ್ಲಿ ಬಿದ್ದುಹೋಯಿತು. ಹತ್ತು ವರ್ಷ ಹಿಡಿದ ಜಗಳ ಅದು.

ಅರಿಶಿಣದ ಕಥೆ ಇಷ್ಟು ಉದ್ದ ಎಳೆಯಲಿಲ್ಲ. 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಸಿಕ್ಕಿತು. ಅರಿಶಿಣದಿಂದ ಗಾಯ ಮಾಯಿಸುವುದಕ್ಕೆ! ಸಂಶೋಧಕರಿಬ್ಬರೂ ಭಾರತ ಮೂಲದವರೇ ಅನ್ನುವುದು ಬೇರೆ ಮಾತು. ಆಗ ನಮ್ಮ ಸರ್ಕಾರದ ವಿಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಸ್‌ಐಆರ್‌ನ ಮುಖ್ಯಸ್ಥರಾಗಿದ್ದವರು ರಘುನಾಥ ಮಾಶೆಲ್ಕರ್. ಸಿಎಸ್‌ಐಆರ್ ಪ್ರಶ್ನೆ ಎತ್ತಿತು. ನಮ್ಮ ಅಜ್ಜಿ ಹಚ್ಚುತ್ತಿದ್ದಳು ಅಂದರೆ ಅಮೆರಿಕದ ಕಚೇರಿ ಕೇಳುತ್ತದೆಯೇ? ಅವರಿಗೆ ಬೇಕಾದದ್ದು ಅಚ್ಚಾದ ಕಾಗದ. ಸಿಎಸ್‌ಐಆರ್ ಮೂವತ್ತಕ್ಕೂ ಹೆಚ್ಚು ಬರಹಗಳನ್ನು ಹುಡುಕಿ ಮುಂದಿಟ್ಟಿತು. ಹಳೆಯ ಸಂಸ್ಕೃತ, ಉರ್ದು ಪುಸ್ತಕಗಳ ಜೊತೆ 1953ರಲ್ಲಿ ಭಾರತೀಯ ವೈದ್ಯರ ಪತ್ರಿಕೆಯಲ್ಲಿ ಬಂದ ಲೇಖನವೂ ಇತ್ತು. 1997ರಲ್ಲಿ ಪೇಟೆಂಟ್ ರದ್ದು.

ಇನ್ನು ನಮ್ಮ ಕಾನೂನಿನ ಮಾತು. 1970ರ ಪೇಟೆಂಟ್ ಕಾಯ್ದೆಯ ಮೂರನೇ ಕಲಂ ಓದಬೇಕು. ಪ್ರಕೃತಿಯಲ್ಲಿ ಇರುವ ವಸ್ತುವನ್ನು ಕಂಡುಹಿಡಿದ ಮಾತ್ರಕ್ಕೆ ಅದು ಆವಿಷ್ಕಾರ ಆಗುವುದಿಲ್ಲ. ಸುಮ್ನೆ ನಾಲ್ಕು ವಸ್ತು ಕಲಸಿದರೂ ಆಗುವುದಿಲ್ಲ. ಮೊದಲಿನಿಂದ ಗೊತ್ತಿರುವ ಸಾಂಪ್ರದಾಯಿಕ ಜ್ಞಾನಕ್ಕೂ ಪೇಟೆಂಟ್ ಇಲ್ಲ. ಸಿಗುವುದು ಹೊಸತಿಗೆ. ವಸ್ತುವನ್ನು ಬದಲಿಸಿ ಗುಣ ಹೆಚ್ಚಿಸಿದ್ದಕ್ಕೆ, ತೆಗೆಯುವ ಹೊಸ ವಿಧಾನಕ್ಕೆ. ಅರ್ಜಿ ಹಾಕಿದ ದಿನದಿಂದ 20 ವರ್ಷ. ಅದಕ್ಕೆ ಬದಲಾಗಿ ಹೇಗೆ ಮಾಡಿದೆ ಅನ್ನುವುದನ್ನು ಒಂದೂ ಬಿಡದೆ ಬರೆದುಕೊಡಬೇಕು.

ಅಂಗಳದ ಸದಾಪುಷ್ಪವನ್ನೇ ನೋಡಿ. ಬೇಸಿಗೆಯಲ್ಲೂ ಹೂ ಬಿಡುವ ಗಿಡ, ಆಡು ಸಹ ಮುಟ್ಟುವುದು ಕಡಿಮೆ. ಮೂಲ ಮಡಗಾಸ್ಕರ್ ದ್ವೀಪ. ಸಕ್ಕರೆ ಕಾಯಿಲೆಗೆ ಆಗುತ್ತದೆ ಅಂತ ಜನ ಎಲೆ ಬಳಸುತ್ತಿದ್ದರು. ಅದನ್ನು ಪರೀಕ್ಷೆ ಮಾಡಲು ಹೋದ ಕೆನಡಾದ ವಿಜ್ಞಾನಿಗಳಿಗೆ 1958ರ ಹೊತ್ತಿಗೆ ಸಿಕ್ಕಿದ್ದು ಕ್ಯಾನ್ಸರ್ ಔಷಧ, ವಿನ್‌ಬ್ಲಾಸ್ಟಿನ್. ಬೆನ್ನಿಗೇ ವಿನ್‌ಕ್ರಿಸ್ಟಿನ್ ಬಂತು. ಇವತ್ತಿಗೂ ಮಕ್ಕಳ ರಕ್ತ ಕ್ಯಾನ್ಸರ್‌ಗೆ ಕೊಡುತ್ತಾರೆ. ಒಂದು ಗ್ರಾಂ ತೆಗೆಯಲು ಕ್ವಿಂಟಲ್‌ಗಟ್ಟಲೆ ಒಣ ಎಲೆ ಬೇಕು. ವಿನ್‌ಕ್ರಿಸ್ಟಿನ್‌ಗೆ ಪೇಟೆಂಟ್ ಪಡೆದದ್ದು ಎಲೈ ಲಿಲಿ ಕಂಪನಿ. ಆ ಶ್ರಮಕ್ಕೆ ಬೆಲೆ ಸಿಗಬಾರದು ಅಂತ ನಾನು ಹೇಳಲಾರೆ. ಆದರೆ ಈ ಎಲೆಯಲ್ಲಿ ಏನೋ ಇದೆ ಅಂತ ಮೊದಲು ಹೇಳಿದವರ ಪಾಲು?

ಕೇರಳದಲ್ಲಿ ಇದಕ್ಕೊಂದು ದಾರಿ ಹುಡುಕಿದರು. 1987ರಲ್ಲಿ ಅಗಸ್ತ್ಯ ಬೆಟ್ಟದಲ್ಲಿ ಕಾಣಿ ಬುಡಕಟ್ಟಿನ ಜನ ವಿಜ್ಞಾನಿಗಳಿಗೆ ದಾರಿ ತೋರಿಸುತ್ತಿದ್ದರು. ವಿಜ್ಞಾನಿಗಳು ಏದುಸಿರು ಬಿಡುತ್ತಿದ್ದರೆ, ಇವರು ಯಾವುದೋ ಕಾಯಿ ತಿಂದು ದಣಿವಿಲ್ಲದೆ ಹತ್ತುತ್ತಿದ್ದರು. ಅದೇ ಆರೋಗ್ಯಪಚ್ಚ ಎಂಬ ಗಿಡದ ಕಾಯಿ. ಅದರಿಂದ ತಿರುವನಂತಪುರದ ಸಸ್ಯೋದ್ಯಾನದ ಸಂಸ್ಥೆ ಜೀವನಿ ಎಂಬ ಔಷಧ ಮಾಡಿ, ಹತ್ತು ಲಕ್ಷ ರೂಪಾಯಿಗೆ ಕಂಪನಿಗೆ ಪರವಾನಗಿ ಕೊಟ್ಟಿತು. ಅದರಲ್ಲಿ ಅರ್ಧ ಕಾಣಿಗಳಿಗೆ. ಮುಂದೆ ಗಿಡ ಬೆಳೆಸುವುದರಲ್ಲಿ, ಅರಣ್ಯ ಇಲಾಖೆಯ ಒಪ್ಪಿಗೆಯಲ್ಲಿ ತೊಡಕು ಬಂದವು. ಆದರೂ ಪಾಲು ಕೊಡಬಹುದು ಅನ್ನುವುದಂತೂ ಗೊತ್ತಾಯಿತು. ಈಗ 2002ರ ಜೀವವೈವಿಧ್ಯ ಕಾಯ್ದೆ ಇದನ್ನೇ ಹೇಳುತ್ತದೆ. ನಮ್ಮ ಗಿಡಮೂಲಿಕೆ ಬಳಸಿ ಪೇಟೆಂಟ್ ಕೇಳುವ ವಿದೇಶಿ ಕಂಪನಿ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಪಡೆಯಬೇಕು, ಲಾಭದಲ್ಲಿ ಪಾಲು ಕೊಡಬೇಕು.

ಅರಿಶಿಣದ ಪಾಠದಿಂದ 2001ರಲ್ಲಿ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಶುರುವಾಯಿತು. ಆಯುರ್ವೇದ, ಯುನಾನಿ, ಸಿದ್ಧ ಪುಸ್ತಕಗಳ ನಾಲ್ಕು ಲಕ್ಷಕ್ಕೂ ಹೆಚ್ಚು ವಿಷಯಗಳು ಅದರಲ್ಲಿವೆ. ಇಂಗ್ಲಿಷ್, ಜರ್ಮನ್, ಜಪಾನಿ ಸೇರಿ ಐದು ಭಾಷೆಗಳಲ್ಲಿ. ವಿದೇಶಿ ಪೇಟೆಂಟ್ ಕಚೇರಿಗಳು ಅದನ್ನು ತೆರೆದು ನೋಡುತ್ತವೆ. ಆದರೆ ಅದು ಪುಸ್ತಕದ ಜ್ಞಾನ. ಚಿಂಚೋಳಿ ಕಾಡಿನಂಚಿನ ತಾಂಡಾದಲ್ಲಿ ಮುರಿದ ಕೈಗೆ ಪಟ್ಟು ಕಟ್ಟುವ ಅಜ್ಜನ ಬೇರು ಯಾವ ಪುಸ್ತಕದಲ್ಲೂ ಇಲ್ಲ. ಅವರನ್ನು ಕೇಳಿ ನೋಡಿ, ‘ಹೇಳಿದ್ರೆ ಔಷಧದ ಗುಣ ಹೋಗ್ತದ’ ಅನ್ನುತ್ತಾರೆ. ಹೇಳದೇ ಹೋದರೆ ಅವರ ಜೊತೆಗೇ ಬೇರಿನ ಗುರುತೂ ಹೋಗುತ್ತದೆ. ನಾಳೆ ಬೇರೆ ಯಾರೋ ಅದನ್ನೇ ಹೊಸದು ಅಂತ ಬರೆಸಿಕೊಂಡರೆ, ಅಲ್ಲ ಅನ್ನಲು ನಮ್ಮ ಹತ್ತಿರ ಒಂದು ಚೀಟಿಯೂ ಇರುವುದಿಲ್ಲ. ಹಾಗಂತ ಎಲ್ಲ ಬಿಚ್ಚಿ ಹೇಳಿ ಅಂತ ನಾನು ಒತ್ತಾಯ ಮಾಡಲಾರೆ. ಬಹಿರಂಗವಾದ ಮೇಲೆ ಅದಕ್ಕೆ ಅವರಿಗೂ ಪೇಟೆಂಟ್ ಸಿಗುವುದು ಕಷ್ಟ. ಗಿಡದ ಹೆಸರು, ಯಾವುದಕ್ಕೆ ಬಳಕೆ ಅನ್ನುವಷ್ಟಾದರೂ ಬರೆಸಲಿ. ಪಾಕ ಹೇಳುವುದು ಬಿಡುವುದು ಅವರ ಇಷ್ಟ.

ಬರೆಸುವುದಕ್ಕೆ ದೂರ ಹೋಗಬೇಕಿಲ್ಲ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದರ ಹತ್ತಿರ ಜನತಾ ಜೀವವೈವಿಧ್ಯ ದಾಖಲಾತಿ, ಅಂದರೆ ಊರಿನ ಗಿಡ, ಪ್ರಾಣಿ, ಅವುಗಳ ಬಳಕೆ ಬರೆದಿಡುವ ಪುಸ್ತಕ ಇರಬೇಕು. ಕಾನೂನೇ ಹೇಳುತ್ತದೆ. ಅದರ ನಮೂನೆಯಲ್ಲಿ ಊರಿನ ವೈದ್ಯರು, ಹಕೀಮರ ಪಟ್ಟಿಗೆ ಅಂತಲೇ ಒಂದು ಜಾಗ ಇದೆ. ನಿಮ್ಮ ಪಂಚಾಯಿತಿಯ ದಾಖಲೆ ತೆಗೆಸಿ, ಮೊದಲು ಆ ಪುಟವನ್ನೇ ನೋಡಿ. ಖಾಲಿ ಇದ್ದರೆ ಮುಂದಿನ ಗ್ರಾಮಸಭೆಯಲ್ಲಿ ಕೇಳಿ.

ನಮಸ್ಕಾರ.