ಕಾಯ್ದೆ ಬಂತು, ಜಾರಿ ಯಾವತ್ತು?

ಕೇಳುಗರಿಗೆ ನಮಸ್ಕಾರ.

ಮಸೂದೆ ಸಂಸತ್ತಿನಲ್ಲಿ ಪಾಸಾಯಿತು, ರಾಷ್ಟ್ರಪತಿಗಳ ಅಂಕಿತವೂ ಬಿತ್ತು ಅಂತ ಸುದ್ದಿಯಲ್ಲಿ ಕೇಳುತ್ತೇವೆ. ಸರಿ, ಇನ್ನು ಇದು ಕಾನೂನು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಹಾಗಾಗುವುದಿಲ್ಲ. ಅನೇಕ ಕಾಯ್ದೆಗಳ ಮೊದಲ ಸೆಕ್ಷನ್‌ನಲ್ಲೇ ಒಂದು ಸಾಲು ಇರುತ್ತದೆ. ಸರ್ಕಾರ ಅಧಿಸೂಚನೆ ಹೊರಡಿಸಿ ಗೊತ್ತುಮಾಡಿದ ದಿನದಿಂದ ಇದು ಜಾರಿಗೆ ಬರುತ್ತದೆ, ಬೇರೆ ಬೇರೆ ಸೆಕ್ಷನ್‌ಗಳಿಗೆ ಬೇರೆ ಬೇರೆ ದಿನ ಇಡಬಹುದು ಅಂತ. ಓದುವವರು ಸುಮ್ನೆ ದಾಟಿ ಹೋಗುವ ಸಾಲು ಇದು. ಡಿಜಿಟಲ್ ಗುರುತಿನ ಕಾಯ್ದೆಗಳಲ್ಲಿ ಮಾತ್ರ ಜನರ ಪಾಡು ಈ ಸಾಲಿನ ಮೇಲೆ ನಿಂತಿರುತ್ತದೆ. ಇವತ್ತು ಅದರ ಬಗ್ಗೆ ಮಾತಾಡುತ್ತೇನೆ.

ಗುರುತು ದೃಢೀಕರಣ ಸೇವೆ ಅಂದರೆ ಏನು? ಕೆಲಸಕ್ಕೆ ಸೇರುವಾಗ, ಮನೆ ಬಾಡಿಗೆಗೆ ಹಿಡಿಯುವಾಗ, ಬ್ಯಾಂಕ್ ಖಾತೆ ತೆರೆಯುವಾಗ ನೀವು ಯಾರು ಅಂತ ತೋರಿಸಬೇಕಾಗುತ್ತದೆ. ಮೊದಲು ಕಾಗದ ತೋರಿಸುತ್ತಿದ್ದೆವು. ಈಗ ನಡುವೆ ಒಂದು ಸಂಸ್ಥೆ ಇರುತ್ತದೆ. ಅದು ನಿಮ್ಮ ದಾಖಲೆ, ಮುಖ ಅಥವಾ ಬೆರಳಚ್ಚನ್ನು ತಾಳೆ ನೋಡಿ, ಹೌದು, ಇವರೇ ಅವರು ಅಂತ ಕೇಳಿದವರಿಗೆ ಹೇಳುತ್ತದೆ. ಚೆನ್ನಾಗಿ ಕಟ್ಟಿದರೆ ಇದು ನಮಗೆ ಒಳ್ಳೆಯದೇ. 18 ವರ್ಷ ತುಂಬಿದೆಯಾ ಅಂತ ಕೇಳಿದವರಿಗೆ ಹೌದು ಅಂತಷ್ಟೇ ಉತ್ತರ ಹೋದರೆ ಸಾಕು. ಹುಟ್ಟಿದ ದಿನ, ವಿಳಾಸ, ತಂದೆಯ ಹೆಸರು ಯಾವುದೂ ಅವರ ಕೈಗೆ ಹೋಗಬೇಕಿಲ್ಲ. ಕೆಟ್ಟದಾಗಿ ಕಟ್ಟಿದರೆ, ನಾವು ಯಾವತ್ತು ಎಲ್ಲಿ ಏನು ಮಾಡಿದೆವು ಅನ್ನುವ ಲೆಕ್ಕವೆಲ್ಲ ಒಂದೇ ಕಡೆ ಸೇರುತ್ತದೆ. ಪಾಸ್‌ವರ್ಡ್ ಕಳೆದರೆ ಬದಲಾಯಿಸಬಹುದು, ಬೆರಳಚ್ಚನ್ನು ಹೇಗೆ ಬದಲಾಯಿಸುತ್ತೀರಿ? ಅದಕ್ಕೇ ಇಲ್ಲಿ ಕಾನೂನು ಬೇಕು.

ಅಂಕಿತಕ್ಕೂ ಜಾರಿಗೂ ನಡುವೆ ಸ್ವಲ್ಪ ಸಮಯ ಬೇಕು ಅನ್ನುವುದನ್ನು ನಾನು ಒಪ್ಪುತ್ತೇನೆ. ಮೊದಲು ನಿಯಂತ್ರಕರನ್ನು ನೇಮಿಸಬೇಕು. ನಿಯಮ ಬರೆಯಬೇಕು. ಸಂಸ್ಥೆಗಳನ್ನು ತಪಾಸಣೆ ಮಾಡುವವರು ಬೇಕು, ದೂರು ಕೇಳುವ ಕಚೇರಿ ಬೇಕು. ಇದೆಲ್ಲ ಇಲ್ಲದೆ ಇಡೀ ಕಾಯ್ದೆಯನ್ನು ಒಂದೇ ದಿನ ಜಾರಿ ಮಾಡಿದರೆ ಅದು ಹೆಸರಿಗಷ್ಟೇ ಇರುತ್ತದೆ. ಹಾಗಾಗಿ ಕಂತುಗಳಲ್ಲಿ ಜಾರಿ ಮಾಡುವುದಕ್ಕೆ ನನ್ನ ತಕರಾರಿಲ್ಲ. ಯಾವ ಕಂತು ಮೊದಲು ಅನ್ನುವುದೇ ನನ್ನ ಪ್ರಶ್ನೆ. ಸಂಸ್ಥೆಗೆ ಅಧಿಕಾರ ಕೊಡುವ ಸೆಕ್ಷನ್ ಮೊದಲು ಬಂದು, ನಮ್ಮನ್ನು ಕಾಯುವ ಸೆಕ್ಷನ್ ವರ್ಷಗಟ್ಟಲೆ ತಡವಾದರೆ ಆ ನಡುವಿನ ಅವಧಿಯಲ್ಲಿ ನಾವು ಯಾರ ಹತ್ತಿರ ಹೋಗುವುದು?

ನಮ್ಮ ದೇಶದ ಕಥೆಯನ್ನೇ ನೋಡಿ. ಆಧಾರ್ ಪ್ರಾಧಿಕಾರ ಹುಟ್ಟಿದ್ದು 2009ರಲ್ಲಿ, ಬರೀ ಒಂದು ಸರ್ಕಾರಿ ಅಧಿಸೂಚನೆಯಿಂದ. ಮೊದಲ ಆಧಾರ್ ಸಂಖ್ಯೆ ಕೊಟ್ಟದ್ದು 2010ರ ಸೆಪ್ಟೆಂಬರ್‌ನಲ್ಲಿ, ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ಹಳ್ಳಿಯೊಂದರಲ್ಲಿ. ಆಧಾರ್ ಕಾಯ್ದೆ ಬಂದದ್ದು 2016ರ ಮಾರ್ಚ್‌ನಲ್ಲಿ. ಅಷ್ಟು ಹೊತ್ತಿಗೆ ಹೆಚ್ಚುಕಡಿಮೆ 100 ಕೋಟಿ ಜನರಿಗೆ ಸಂಖ್ಯೆ ಸಿಕ್ಕಾಗಿತ್ತು. ಕಾಯ್ದೆಯೂ ಎರಡು ಕಂತಿನಲ್ಲಿ ಜಾರಿಯಾಯಿತು, ಅದೇ ವರ್ಷದ ಜುಲೈ ಮತ್ತು ಸೆಪ್ಟೆಂಬರ್‌ನಲ್ಲಿ. ನೂರು ಕೋಟಿ ಜನ ಬೆರಳಚ್ಚು ಕೊಟ್ಟ ಮೇಲೆ, ಅದನ್ನು ಹೇಗೆ ಕಾಪಾಡಬೇಕು ಅಂತ ಹೇಳುವ ಕಾನೂನು ಬಂತು.

ಆ ಕಾನೂನಿನ ಒಳಗೂ ಒಂದು ದೊಡ್ಡ ಕೊರತೆ ಇತ್ತು. ನಿಮ್ಮ ಮಾಹಿತಿಯನ್ನು ಯಾರಾದರೂ ದುರುಪಯೋಗ ಮಾಡಿದರೆ ಶಿಕ್ಷೆ ಇದೆ ಅಂತ ಬರೆದಿತ್ತು. ಆದರೆ ಕೋರ್ಟಿಗೆ ದೂರು ಕೊಡುವ ಹಕ್ಕು ಇದ್ದದ್ದು ಪ್ರಾಧಿಕಾರಕ್ಕೆ ಮಾತ್ರ. ಅನ್ಯಾಯವಾದದ್ದು ನಿಮಗೆ, ದೂರು ಕೊಡಬೇಕಾದವರು ಅವರು! ಅದು 47ನೇ ಸೆಕ್ಷನ್. ಆಧಾರ್ ವಿರುದ್ಧದ ಕಾನೂನುಸಮರ ಶುರುಮಾಡಿದವರು ನಮ್ಮ ರಾಜ್ಯದವರೇ ಅನ್ನುವುದನ್ನು ಇಲ್ಲಿ ನೆನೆಯಲೇಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ 80 ದಾಟಿತ್ತು. ಅವರ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿತು. 2018ರ ಸೆಪ್ಟೆಂಬರ್ 26ರಂದು ಆಧಾರ್ ತೀರ್ಪು ಬಂತು. ಕಾಯ್ದೆಯ ಬಹುಭಾಗ ಉಳಿಯಿತು. ಖಾಸಗಿ ಕಂಪನಿಗಳು ಆಧಾರ್ ಕೇಳಲು ದಾರಿ ಮಾಡಿಕೊಟ್ಟಿದ್ದ 57ನೇ ಸೆಕ್ಷನ್‌ನ ಭಾಗ ಬಿದ್ದುಹೋಯಿತು. ದೂರು ಕೊಡುವ ಹಕ್ಕು ಜನರಿಗೂ ಬೇಕು ಅಂತ ಕೋರ್ಟು ಹೇಳಿತು, 2019ರ ತಿದ್ದುಪಡಿಯಲ್ಲಿ ಅದು ಸೇರಿತು. ಮಗುವಾಗಿದ್ದಾಗ ಆಧಾರ್ ಮಾಡಿಸಿಕೊಂಡವರು 18 ತುಂಬಿದ ಆರು ತಿಂಗಳೊಳಗೆ ಬೇಡ ಅನ್ನಬಹುದು ಅನ್ನುವ ಅವಕಾಶವೂ ಆ ತಿದ್ದುಪಡಿಯಲ್ಲೇ ಬಂತು. ಎಷ್ಟು ಮನೆಗಳಲ್ಲಿ ಇದು ಗೊತ್ತಿದೆ, ಹೇಳಿ?

ಮೊದಲ ಸಂಖ್ಯೆ ಕೊಟ್ಟ ಸುಮಾರು ಒಂಬತ್ತು ವರ್ಷದ ಮೇಲೆ ದೂರಿನ ಹಕ್ಕು ಕೈಗೆ ಬಂತು ಅಂದ ಹಾಗಾಯಿತು. ಇದನ್ನು ಸಣ್ಣ ತಡ ಅಂತ ನಾನು ಕರೆಯಲಾರೆ.

ಕೀನ್ಯಾ ದೇಶದಲ್ಲಿ ಇದೇ ಪ್ರಶ್ನೆ ಇನ್ನೂ ನೇರವಾಗಿ ಎದ್ದಿತು. ಅಲ್ಲಿ ಹುಡುಮಾ ನಂಬಾ ಅನ್ನುವ ಗುರುತಿನ ಸಂಖ್ಯೆಗೆ 2019ರ ಏಪ್ರಿಲ್, ಮೇ ತಿಂಗಳಲ್ಲಿ ಕೋಟಿಗಟ್ಟಲೆ ಜನರ ಬೆರಳಚ್ಚು ತೆಗೆದುಕೊಂಡರು. ಮಾಹಿತಿ ರಕ್ಷಣೆಯ ಕಾಯ್ದೆ ಬಂದದ್ದು ಆ ವರ್ಷದ ನವೆಂಬರ್‌ನಲ್ಲಿ. ನೋಂದಣಿ ಮೊದಲೇ ಮುಗಿದಿತ್ತು, ಹಾಗಾಗಿ ಈ ಕಾಯ್ದೆ ನಮಗೆ ಅನ್ವಯಿಸುವುದಿಲ್ಲ ಅಂತ ಸರ್ಕಾರ ವಾದ ಮಾಡಿತು. 2021ರ ಅಕ್ಟೋಬರ್‌ನಲ್ಲಿ ಅಲ್ಲಿನ ಹೈಕೋರ್ಟು ಆ ವಾದವನ್ನು ತಳ್ಳಿಹಾಕಿತು. ಇಂಥ ಯೋಜನೆಯಿಂದ ಜನರ ಖಾಸಗಿತನಕ್ಕೆ ಏನು ಅಪಾಯ ಅಂತ ಮೊದಲು ಅಂದಾಜು ಮಾಡಬೇಕಿತ್ತು, ಅದನ್ನು ಮಾಡದೆ ಕಾರ್ಡು ಹಂಚಲು ಹೊರಟದ್ದು ಕಾನೂನುಬಾಹಿರ ಅಂತ ತೀರ್ಪು ಕೊಟ್ಟಿತು. ನನಗೆ ಬಹಳ ಇಷ್ಟವಾದ ತೀರ್ಪು ಇದು. ಹಿಂದುಮುಂದು ಮಾಡಿದ್ದನ್ನು ಸರಿ ಅಂತ ಒಪ್ಪಿಕೊಳ್ಳಲು ಆ ಕೋರ್ಟು ತಯಾರಿರಲಿಲ್ಲ.

ಬ್ರಿಟನ್ನಿನಲ್ಲಿ 2022ರ ಏಪ್ರಿಲ್‌ನಿಂದಲೇ ಕೆಲಸಕ್ಕೆ ಸೇರುವವರ ಗುರುತನ್ನು ಖಾಸಗಿ ಸೇವೆಗಳ ಮೂಲಕ ನೋಡಲು ಅವಕಾಶ ಇತ್ತು. ಆ ಸೇವೆಗಳಿಗೆ ಕಾನೂನಿನ ತಳಹದಿ ಕೊಟ್ಟ ಕಾಯ್ದೆಗೆ ಅಂಕಿತ ಬಿದ್ದದ್ದು 2025ರ ಜೂನ್ 19ರಂದು. ನ್ಯೂಜಿಲೆಂಡ್ 2023ರಲ್ಲಿ ಇಂಥದೇ ಕಾಯ್ದೆ ಮಾಡಿ 2024ರ ಜುಲೈ 1ಕ್ಕೆ ಜಾರಿ ಮಾಡಿತು.

ಆಸ್ಟ್ರೇಲಿಯಾದ ರೀತಿ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಅಲ್ಲಿನ ಡಿಜಿಟಲ್ ಐಡಿ ಕಾಯ್ದೆಗೆ 2024ರ ಮೇ 30ರಂದು ಅಂಕಿತ ಬಿತ್ತು, ನವೆಂಬರ್ 30ಕ್ಕೆ ಜಾರಿಯಾಯಿತು. ಸರಿಯಾಗಿ ಆರು ತಿಂಗಳು. ಜಾರಿಯಾದ ದಿನವೇ ನಿಯಂತ್ರಕರು ಇದ್ದರು, ಖಾಸಗಿತನ ನೋಡಿಕೊಳ್ಳುವ ಕಮಿಷನರ್ ಇದ್ದರು. ಡಿಜಿಟಲ್ ಐಡಿ ಮಾಡಿಸಿಕೊಳ್ಳುವುದು ಸ್ವಇಚ್ಛೆ ಅನ್ನುವ ಮಾತು ಕಾಯ್ದೆಯಲ್ಲೇ ಇದೆ. ಖಾಸಗಿ ಕಂಪನಿಗಳನ್ನು ಸರ್ಕಾರಿ ವ್ಯವಸ್ಥೆಗೆ ಸೇರಿಸಿಕೊಳ್ಳಲು ಮಾತ್ರ ಎರಡು ವರ್ಷದ ಗಡುವು ಇಟ್ಟರು. ಅಂದರೆ ರಕ್ಷಣೆ ಮೊದಲು, ವಿಸ್ತರಣೆ ಆಮೇಲೆ. ಹೀಗೂ ಮಾಡಬಹುದು ಅಲ್ವಾ?

ಈಗ ಮತ್ತೆ ನಮ್ಮ ಕಡೆ ಬರೋಣ. ನಮ್ಮ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಗೆ ಅಂಕಿತ ಬಿದ್ದದ್ದು 2023ರ ಆಗಸ್ಟ್‌ನಲ್ಲಿ. ಅದರ ನಿಯಮಗಳು ಹೊರಬಂದದ್ದು 2025ರ ನವೆಂಬರ್‌ನಲ್ಲಿ. ಎರಡು ವರ್ಷ ದಾಟಿತು. ಆಗ ಈ ಕಾಯ್ದೆಯ ದೂರುಗಳನ್ನು ವಿಚಾರಿಸುವ ಮಂಡಳಿಯನ್ನು ರಚಿಸುವ ಸೆಕ್ಷನ್‌ಗಳು ಕೂಡಲೇ ಜಾರಿಯಾದವು. ಕಂಪನಿಗಳ ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವು ಸಿಕ್ಕಿತು. ನನ್ನ ಮಾಹಿತಿ ಏನಿದೆ ತೋರಿಸಿ, ತಪ್ಪಿದ್ದರೆ ತಿದ್ದಿ, ಕೆಲಸ ಮುಗಿದಿದ್ದರೆ ಅಳಿಸಿ ಅಂತ ಕೇಳುವ ಹಕ್ಕು ಕೂಡ ಆ ಗಡುವಿನ ಹಿಂದೆಯೇ ನಿಂತಿತು. ಇದರ ನಡುವೆ, 2025ರ ಜನವರಿ ಕೊನೆಯಲ್ಲಿ ಇನ್ನೊಂದು ನಿಯಮ ಬಂದಿತ್ತು. ಖಾಸಗಿ ಸಂಸ್ಥೆಗಳೂ ಅನುಮತಿ ಪಡೆದು ಆಧಾರ್ ದೃಢೀಕರಣ ಬಳಸಬಹುದು ಅಂತ ಅದು ಹೇಳಿತು. ದೃಢೀಕರಣದ ಬಾಗಿಲು ಅಗಲವಾಯಿತು, ಅಳಿಸಿ ಅಂತ ಕೇಳುವ ಹಕ್ಕು ಆಗ ಇನ್ನೂ ಕಾಯುತ್ತಿತ್ತು.

ಸಣ್ಣ ಕಂಪನಿಗಳಿಗೆ ತಯಾರಾಗಲು ಸಮಯ ಬೇಕು ಅನ್ನುತ್ತಾರೆ. ನಿಜ, ಬೇಕು. ಆದರೆ ಬೆರಳಚ್ಚು, ಮುಖ, ಗುರುತಿನ ಸಂಖ್ಯೆ ಮುಟ್ಟುವ ಸಂಸ್ಥೆಗೆ ಉಳಿದವರಷ್ಟೇ ಸಮಯ ಯಾಕೆ? ಅದು ಸೇವೆ ಶುರುಮಾಡುವ ದಿನವೇ ಅಳಿಸುವ ಹೊಣೆ, ಸೋರಿಕೆಯಾದರೆ ತಿಳಿಸುವ ಹೊಣೆ, ದೂರು ಕೇಳುವ ಹೊಣೆ ಮೂರೂ ಅದರ ಮೇಲೆ ಇರಬೇಕು. ಇದಕ್ಕೆ ಹೊಸ ಕಾಯ್ದೆಯೂ ಬೇಕಿಲ್ಲ. ಬೇರೆ ಬೇರೆ ಸೆಕ್ಷನ್‌ಗಳಿಗೆ ಬೇರೆ ಬೇರೆ ದಿನ ಇಡಬಹುದು ಅನ್ನುವ ಸಾಲು ನಮ್ಮ ದತ್ತಾಂಶ ರಕ್ಷಣಾ ಕಾಯ್ದೆಯಲ್ಲೂ ಇದೆ. ಸರ್ಕಾರ ಮನಸ್ಸು ಮಾಡಿದರೆ ಹಕ್ಕಿನ ಸೆಕ್ಷನ್‌ಗಳಿಗೆ ಹತ್ತಿರದ ದಿನವನ್ನೇ ಗೊತ್ತುಮಾಡಬಹುದು, ಗೆಜೆಟ್‌ನಲ್ಲಿ ಒಂದು ಅಧಿಸೂಚನೆ ಸಾಕು.

ನಮಸ್ಕಾರ.