ಕೆರ್ಸ್ಟಿನ್ ಅಲ್ಲ, ಶ್ಯಾಷ್ಟಿನ್

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ಒಂದೇ ಒಂದು ಹೆಸರಿನ ಬಗ್ಗೆ ಮಾತಾಡುತ್ತೇನೆ. ಸ್ವೀಡನ್ ದೇಶದ ಹಳೇ ಕಾಲದ ಹೆಣ್ಣುಮಕ್ಕಳ ಹೆಸರು. ಅವರ ಅಕ್ಷರದಲ್ಲಿ ಬರೆದರೆ ಕೆ, ಇ, ಆರ್, ಎಸ್, ಟಿ, ಐ, ಎನ್. ನೀವು ಏನಂತ ಓದುತ್ತೀರಿ? ಕೆರ್ಸ್ಟಿನ್ ಅಂತ ತಾನೇ? ಸ್ಟಾಕ್‌ಹೋಮಿನ ಬೀದಿಯಲ್ಲಿ ಹಾಗೆ ಕೂಗಿದರೆ ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿ ಆಕೆ ಶ್ಯಾಷ್ಟಿನ್.

ನಿಧಾನವಾಗಿ ಹೇಳುತ್ತೇನೆ, ಕೇಳಿ. ಮೊದಲು ಶಂಕರನ ಶ. ಅದಕ್ಕೆ ಬ್ಯಾಂಕು, ಕ್ಯಾಮರಾದಲ್ಲಿ ಬರುವ ಸ್ವರ. ಆಮೇಲೆ ಷಣ್ಮುಖನ ಷ, ಅದಕ್ಕೆ ಟ ಒತ್ತು. ಇಷ್ಟ, ಕಷ್ಟ ಅನ್ನುವಾಗ ಬರುತ್ತದಲ್ಲ, ಅದೇ. ಶ್ಯಾಷ್ಟಿನ್.

ನನ್ನ ಮಾತು ಇಷ್ಟೇ. ಹೆಸರನ್ನು ಅಕ್ಷರ ನೋಡಿ ಓದಬೇಡಿ, ಕಿವಿಯಿಂದ ಕೇಳಿ ಕಲಿಯಿರಿ. ಇದನ್ನೇ ಇನ್ನೂ ಮೂರ್ನಾಲ್ಕು ಸಲ ಹೇಳುವವನಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಈಗ ರೇಡಿಯೋ ಕೇಳುತ್ತಿರುವ ನಿಮ್ಮಲ್ಲಿ ಕೆಲವರ ಮಗನೋ ಮಗಳೋ ಸ್ವೀಡನ್, ನಾರ್ವೆ ಕಡೆ ಕೆಲಸದಲ್ಲಿರಬಹುದು. ಪಕ್ಕದ ಮನೆಯ ಅಜ್ಜಿಯನ್ನು ವಿಡಿಯೋ ಕಾಲ್‌ನಲ್ಲಿ ಪರಿಚಯ ಮಾಡಿಕೊಟ್ಟಿರಬಹುದು. ಆ ಅಜ್ಜಿ ಕೆರ್ಸ್ಟಿನ್ ಆಗಿದ್ದರೂ ಆಗಿರಬಹುದು. ಅಲ್ಲಿ ಎಳೇ ಮಕ್ಕಳಿಗೆ ಈಗ ಈ ಹೆಸರು ಇಡುವುದು ಅಪರೂಪ. ನಮ್ಮಲ್ಲಿ ಸಾವಿತ್ರಮ್ಮ, ಸರೋಜಮ್ಮ ಇದ್ದ ಹಾಗೆ ಅದು ಒಂದು ತಲೆಮಾರಿನ ಹೆಸರು.

ಒಂದು ಪ್ರಸಂಗ ಹೇಳಿಬಿಡುತ್ತೇನೆ. ನನ್ನ ತಂಗಿಯ ಮಗ ಇಂಜಿನಿಯರು. ಕೆಲಸದ ಮೇಲೆ ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಹೋದ. ಆ ಊರನ್ನೂ ಅಲ್ಲಿಯವರು ಗೋಥೆನ್‌ಬರ್ಗ್ ಅನ್ನುವುದಿಲ್ಲ, ಯೊತೆಬೊರಿ ಅನ್ನುತ್ತಾರೆ, ಇರಲಿ. ಇಲ್ಲಿಂದಲೇ ಇಮೇಲ್‌ನಲ್ಲಿ ಬಾಡಿಗೆ ಮನೆ ಮಾತಾಡಿಕೊಂಡಿದ್ದ. ಓನರ್ ಹೆಸರು ಕೆರ್ಸ್ಟಿನ್. ಅಡ್ವಾನ್ಸೂ ಕಳಿಸಿಯಾಗಿತ್ತು. ನನ್ನ ತಂಗಿಗೆ ಒಂದೇ ಭಯ, ಯಾರೋ ಟೋಪಿ ಹಾಕುತ್ತಾರೆ ಅಂತ. "ಆ ಕೆರ್ಸ್ಟಿನಮ್ಮ ಬಿಟ್ಟು ಬೇರೆ ಯಾರ ಮಾತೂ ಕೇಳಬೇಡ ಕಣೋ" ಅಂತ ವಿಮಾನ ಹತ್ತುವವರೆಗೂ ಫೋನಿನಲ್ಲಿ ಹೇಳುತ್ತಲೇ ಇದ್ದಳು.

ಡಿಸೆಂಬರ್ ತಿಂಗಳು. ಅಲ್ಲಿ ಮೂರೂವರೆಗೆಲ್ಲ ಕತ್ತಲಾಗುತ್ತದೆ. ಇವನು ಎರಡು ಸೂಟ್‌ಕೇಸು, ಮಾವಿನಮಿಡಿ ಉಪ್ಪಿನಕಾಯಿ ಇದ್ದ ಒಂದು ಬ್ಯಾಗು ಹಿಡಿದುಕೊಂಡು ಕಟ್ಟಡದ ಬಾಗಿಲಲ್ಲಿ ನಿಂತಿದ್ದಾನೆ. ಒಬ್ಬ ಅಜ್ಜಿ ಬಂದರು. ಬಿಳಿ ಕೂದಲು, ಉದ್ದನೆ ಕೋಟು, ಕೈಯಲ್ಲಿ ಬೀಗದ ಕೈ ಗೊಂಚಲು. ನಗುತ್ತಾ "ನಾನು ಶ್ಯಾಷ್ಟಿನ್, ಬನ್ನಿ, ಮನೆ ತೋರಿಸುತ್ತೇನೆ" ಅಂದರು. ಇವನ ಎದೆ ಧಸಕ್ ಅಂದಿತು. ಅಮ್ಮ ಹೇಳಿದ ಹಾಗೇ ಆಯಿತಲ್ಲ! ಯಾರಪ್ಪ ಈ ಶ್ಯಾಷ್ಟಿನ್? "ಒಂದು ನಿಮಿಷ" ಅಂತ ಪಕ್ಕಕ್ಕೆ ಸರಿದು, ಚಳಿಗೆ ಮರಗಟ್ಟಿದ ಬೆರಳಲ್ಲೇ ಓನರ್‌ಗೆ ಇಮೇಲ್ ಹೊಡೆದ. "ಮೇಡಂ, ಇಲ್ಲಿ ಶ್ಯಾಷ್ಟಿನ್ ಅನ್ನುವ ವಯಸ್ಸಾದ ಹೆಂಗಸೊಬ್ಬರು ಬಂದಿದ್ದಾರೆ. ನಿಮ್ಮ ಮನೆ ಬೀಗ ತೆಗೆಯುತ್ತೇನೆ ಅನ್ನುತ್ತಿದ್ದಾರೆ. ನಂಬಬಹುದಾ?"

ಅಜ್ಜಿಯ ಕೋಟಿನ ಜೇಬಿನಲ್ಲಿ ಟಿಂಗ್ ಅಂತ ಸದ್ದಾಯಿತು.

ಅವರು ಕೈಗವಸು ತೆಗೆದರು. ಕನ್ನಡಕ ಹಾಕಿಕೊಂಡರು. ಒಂದು ಸಲ ಓದಿದರು. ಇವನ ಮುಖ ನೋಡಿದರು. ಮತ್ತೊಂದು ಸಲ ಓದಿದರು. ಒಂದೂ ಮಾತಾಡದೆ, ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆದರು. ಈಗ ಇವನ ಫೋನು ಟಿಂಗ್ ಅಂದಿತು. ತೆಗೆದು ನೋಡುತ್ತಾನೆ, "ನಂಬಬಹುದು. ಒಳ್ಳೆಯ ಹೆಂಗಸು. ನಾನೇ."

ಬೇರೆಯವರ ಹತ್ತಿರ ಹೇಳಬೇಡಿ ಮಾವ ಅಂದಿದ್ದಾನೆ. ಹೇಗೆ ಹೇಳದೇ ಇರಲಿ?

ಆದರೆ ನನಗೆ ಖುಷಿ ಕೊಟ್ಟಿದ್ದು ಅದರ ಮುಂದಿನ ಭಾಗ. ಅಜ್ಜಿ ಮೆಟ್ಟಿಲು ಹತ್ತುತ್ತಲೇ ತಮ್ಮ ಹೆಸರು ಹೇಳಿಕೊಟ್ಟರು. ಇವನು ಮೊದಲ ಸಲಕ್ಕೇ ಸರಿಯಾಗಿ ಹೇಳಿದ. ಅವರಿಗೆ ಆಶ್ಚರ್ಯ. ಹೊರಗಿನಿಂದ ಬಂದವರು ಯಾರೂ ಇಷ್ಟು ಬೇಗ ಹೇಳಿದ್ದಿಲ್ಲವಂತೆ. ಇವನು ಹೇಳದೆ ಏನು? ಕಷ್ಟ, ಇಷ್ಟ ಅಂತ ಹುಟ್ಟಿದಾಗಿನಿಂದ ಹೇಳುತ್ತಿರುವ ಬಾಯಿ!

ಯಾಕೆ ಹೀಗೆ ಅಂತ ನೋಡೋಣ. ಮೂಲ ಹೆಸರು ಕ್ರಿಸ್ತೀನಾ. ಸ್ವೀಡನ್ನಿಗೆ ಆ ಹೆಸರಿನ ರಾಣಿಯೇ ಇದ್ದಳು. 1626ರಲ್ಲಿ ಹುಟ್ಟಿ, 1654ರಲ್ಲಿ ತಾನಾಗಿಯೇ ಪಟ್ಟ ಬಿಟ್ಟುಕೊಟ್ಟವಳು. ಅವಳ ಹೆಸರಿನಲ್ಲಿ ಕ ಇದೆ, ಸ ಇದೆ, ತ ಇದೆ. ಎಲ್ಲ ಬರೆದ ಹಾಗೆಯೇ. ಜನರ ಬಾಯಲ್ಲಿ ಓಡಾಡಿ ಈ ಹೆಸರು ಮೊಟಕಾಯಿತು. ಮೊಟಕಾಗುವಾಗ 'ಆರ್' ಅಕ್ಷರ ಒಂದು ಜಿಗಿತ ಜಿಗಿಯಿತು. ಸ್ವರಕ್ಕಿಂತ ಮೊದಲು ಇದ್ದದ್ದು ಸ್ವರ ಆದಮೇಲೆ ಬಂತು. ಕ್ರಿಸ್ ಇದ್ದದ್ದು ಕೆರ್ಸ್ ಆಯಿತು. ಅಷ್ಟೇ ಆಗಿದ್ದು.

ಆ ಒಂದು ಜಿಗಿತದಿಂದ ಏನೇನಾಯಿತು ನೋಡಿ. ಸ್ವೀಡಿಷ್ ಭಾಷೆಯಲ್ಲಿ 'ಕೆ' ಅಕ್ಷರ ಆದಮೇಲೆ ಎಲೆಯ ಎ, ಇಲಿಯ ಇ ತರಹದ ಸ್ವರ ಬಂದರೆ ಅದು ಸಾಮಾನ್ಯವಾಗಿ ಶ ಆಗುತ್ತದೆ. ಕ್ರಿಸ್ತೀನಾದಲ್ಲಿ ನಡುವೆ ಆರ್ ಇತ್ತು, ಕ ಉಳಿಯಿತು. ಇಲ್ಲಿ ಆರ್ ಜಾಗ ಖಾಲಿ ಮಾಡಿತು, ಕ ಹೋಗಿ ಶ ಬಂತು. ಜಿಗಿದು ಹೋದ ಆರ್ ಅಲ್ಲಿ 'ಎಸ್'ಗೆ ಅಂಟಿಕೊಂಡಿತು. ಆರ್ ಮತ್ತು ಎಸ್ ಸೇರಿದರೆ ಅವರಿಗೆ ಷ. ನಾಲಿಗೆ ಮಡಚಿಕೊಂಡೇ ಇರುವುದರಿಂದ ಮುಂದಿನ ತ ಕೂಡ ಟ ಆಗಿಬಿಡುತ್ತದೆ. ಕ್ರಿಸ್ತೀನಾದ 'ಸ್ತ' ಹೋಗಿ 'ಷ್ಟ' ಆಯಿತು. ಆರ್ ಮಾತ್ರ ಮಾಯ, ಹುಡುಕಿದರೂ ಕೇಳಿಸುವುದಿಲ್ಲ.

ಇದು ಈ ಒಂದು ಹೆಸರಿನ ಕಥೆಯಲ್ಲ. ಮಗುವಿಗೆ ಸ್ವೀಡಿಷಿನಲ್ಲಿ 'ಬಾರ್ನ್' ಅಂತ ಬರೆಯುತ್ತಾರೆ, ಹೇಳುವುದು ಬಾಣ್. ಮುತ್ತಿಗೆ 'ಪ್ಯಾರ್ಲ' ಅಂತ ಬರೆಯುತ್ತಾರೆ, ಹೇಳುವುದು ಪ್ಯಾಳ. ನಮ್ಮ ಣ, ನಮ್ಮ ಳ, ನಮ್ಮ ಷ! ಇಂಗ್ಲಿಷಿನವರು ಶ್ಯಾಷ್ಟಿನ್ ಅನ್ನುವುದನ್ನು ಬರೆಯಬೇಕಾದರೆ ಎರಡೂ ಕಡೆ ಒಂದೇ 'ಎಸ್ ಎಚ್' ಹಾಕಬೇಕು. ನಮಗೆ ಎರಡಕ್ಕೂ ಬೇರೆ ಬೇರೆ ಅಕ್ಷರ ಇದೆ. ಇಷ್ಟಿದ್ದೂ ಕೆಲವರು "ಆ ಹೆಸರೆಲ್ಲ ನಮ್ಮ ಬಾಯಿಗೆ ಬರಲ್ಲ ಸಾರ್" ಅನ್ನುತ್ತಾರೆ. ಬರಲ್ಲ ಅಂದರೇನು? ಸುಮ್ನೆ ಸೋಮಾರಿತನ. ನಮ್ಮಲ್ಲೇ ಎಷ್ಟೋ ಜನ ಈಗ ಶ, ಷ ಎರಡನ್ನೂ ಒಂದೇ ಮಾಡಿಬಿಟ್ಟಿದ್ದಾರೆ. ಆ ವಿಷಯ ಎತ್ತಿದರೆ ನನಗೆ ಕೋಪ ಬರುತ್ತದೆ, ಬಿಡಿ.

ಸರಿ, ಸ್ವೀಡನ್ನಿನಲ್ಲೇ ಎಲ್ಲ ಕಡೆ ಶ್ಯಾಷ್ಟಿನ್ನಾ? ಇಲ್ಲ. ದಕ್ಷಿಣದ ಸ್ಕೋನೆ ಸೀಮೆಗೆ ಹೋಗಿ, ಮಾಲ್ಮೊ, ಲುಂಡ್ ಇರುವ ಕಡೆ. ಅವರ ರ ಗಂಟಲಿನಿಂದ ಬರುತ್ತದೆ. ಗಂಟಲಿನ ರ ಸಕಾರವನ್ನು ಷ ಮಾಡುವುದಿಲ್ಲ. ಅಲ್ಲಿ ಶ್ಯಾರ್ಸ್ತಿನ್. ಫಿನ್‌ಲ್ಯಾಂಡಿನಲ್ಲಿ ಸ್ವೀಡಿಷ್ ಮಾತಾಡುವವರ ಬಾಯಲ್ಲಿ ಮೊದಲ ಅಕ್ಷರ ಚ, ರ ಕೂಡ ಸ್ಪಷ್ಟ, ಚೆರ್ಸ್ತಿನ್. ಜರ್ಮನಿಯವರು ಈ ಹೆಸರನ್ನು ಇಷ್ಟಪಟ್ಟು ತೆಗೆದುಕೊಂಡರು, ಬರೆದ ಹಾಗೆ ಕ ಹಚ್ಚಿ ಕೆರ್ಸ್ಟಿನ್ ಅಂದರು. ಜರ್ಮನಿಯ ಕೆರ್ಸ್ಟಿನ್‌ಗೆ ಹೋಗಿ ಶ್ಯಾಷ್ಟಿನ್ ಅಂದೀರಿ ಮತ್ತೆ! ಅದಕ್ಕೇ ಹೇಳಿದ್ದು, ಅಕ್ಷರ ನೋಡಬೇಡಿ, ಕೇಳಿ.

ಈ ಹೆಸರಿನ ಒಬ್ಬರನ್ನಾದರೂ ನೆನೆಯಬೇಕು. ಸ್ವೀಡನ್ನಿನ ಹೆಂಗಸರು ಸಂಸತ್ತಿನ ಚುನಾವಣೆಯಲ್ಲಿ ಮೊದಲು ಮತ ಹಾಕಿದ್ದು 1921ರಲ್ಲಿ. 1922ರ ಜನವರಿಯಲ್ಲಿ ಐದು ಜನ ಹೆಂಗಸರು ಸಂಸತ್ತಿಗೆ ಕಾಲಿಟ್ಟರು. ಅವರಲ್ಲಿ ಮೇಲ್ಮನೆಗೆ ಹೋದವರು ಒಬ್ಬರೇ, ಕೆರ್ಸ್ಟಿನ್ ಹೆಸೆಲ್‌ಗ್ರೇನ್. ಅದಕ್ಕೂ ಮೊದಲು ಕಾರ್ಖಾನೆಗಳ ಇನ್‌ಸ್ಪೆಕ್ಟರ್ ಆಗಿದ್ದವರು. ನೋಡಿ, ನಾನೇ ಓದುವಾಗ ಕೆರ್ಸ್ಟಿನ್ ಅಂದುಬಿಟ್ಟೆ, ಎದುರಿಗಿರುವ ಕಾಗದದ ಮಹಿಮೆ. ಶ್ಯಾಷ್ಟಿನ್ ಹೆಸೆಲ್‌ಗ್ರೇನ್.

ಸ್ಟುಡಿಯೋದವರು ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ನಾರ್ವೆ, ಡೆನ್ಮಾರ್ಕ್ ಇನ್ನೂ ಬಾಕಿ. ಬೇಗ ಮುಗಿಸುತ್ತೇನೆ.

ನಾರ್ವೆಯಲ್ಲಿ ಇದೇ ಹೆಸರು ಕಿರ್ಸ್ಟನ್, ಕಿರ್ಸ್ಟಿ, ಕ್ಜೆರ್ಸ್ಟಿ ಅಂತೆಲ್ಲ ಆಗಿದೆ. ಅದೂ ನಾನು ಅಕ್ಷರ ನೋಡಿ ಓದಿದ್ದು. ಆಸ್ಲೋ ಕಡೆ ಕೇಳಿದರೆ ಶಿಷ್ಟನ್, ಶಿಷ್ಟಿ, ಶ್ಯಾಷ್ಟಿ. ಅವರ ಆ ಮೊದಲ ಸದ್ದು ಹ ಮತ್ತು ಶ ನಡುವಿನದು, ನಮ್ಮಲ್ಲಿ ಅದಕ್ಕೆ ಅಕ್ಷರವಿಲ್ಲ. ಈಗಿನ ಹುಡುಗರು ಅದನ್ನು ಬರೀ ಶ ಮಾಡಿಬಿಟ್ಟಿದ್ದಾರೆ ಅಂತ ಅಲ್ಲಿನ ಹಿರಿಯರು ಗೊಣಗುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಬರ್ಗೆನ್ ಊರಿನಲ್ಲಿ ಮತ್ತೆ ಗಂಟಲಿನ ರ, ಹಾಗಾಗಿ ಷ ಇಲ್ಲ.

ನಾರ್ವೆಯ ದೊಡ್ಡ ಆಪೆರಾ ಗಾಯಕಿ ಒಬ್ಬರಿದ್ದರು, ಕಿರ್ಸ್ಟನ್ ಫ್ಲಾಗ್‌ಸ್ಟಾಡ್. 1935ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಆಪೆರಾದಲ್ಲಿ ಮೊದಲ ಸಲ ಹಾಡಿದರು. ಮನೆಯಲ್ಲಿ ಶಿಷ್ಟನ್, ಅಮೆರಿಕದಲ್ಲಿ ಕರ್ಸ್ಟನ್. ಕರ್ಸ್ಟನ್ ಅಂದ ಕೂಡಲೇ ನಿಮಗೆ 2011ರ ವಿಶ್ವಕಪ್ ನೆನಪಾಯಿತು ಅಲ್ವಾ? ನಮ್ಮ ತಂಡದ ಕೋಚ್ ಗ್ಯಾರಿ ಕರ್ಸ್ಟನ್. ಅವರದು ಮನೆತನದ ಹೆಸರು, ಗಂಡಸರು ಬೇರೆ. ಆದರೆ ಅಕ್ಷರಗಳು ಫ್ಲಾಗ್‌ಸ್ಟಾಡ್ ಅವರ ಹೆಸರಿನವೇ, ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ.

ಡೆನ್ಮಾರ್ಕಿನವರು ಕ ಬಿಡಲಿಲ್ಲ, ಆದರೆ ರ ನುಂಗಿಬಿಟ್ಟರು, ಕೀಯಸ್ಟನ್. ಫಿನ್ನಿಷ್ ಮಾತಾಡುವವರು ಕಿರ್ಸ್ತಿ ಅಂತ ಒಂದಕ್ಷರ ಬಿಡದೆ ಓದುತ್ತಾರೆ. ಐಸ್‌ಲ್ಯಾಂಡಿನಲ್ಲಿ ಆರ್ ಜಿಗಿಯಲೇ ಇಲ್ಲ, ಆಕೆ ಇನ್ನೂ ಕ್ರಿಸ್ತಿನ್.

ಹೆಸರಿಗೊಂದು ರಾಗವೂ ಇದೆ, ಸ್ವೀಡಿಷಿನವರು ಏರಿಸಿ ಇಳಿಸಿ ಹೇಳುತ್ತಾರೆ. ಅದಕ್ಕೆ ಇವತ್ತು ಸಮಯವಿಲ್ಲ. ಸ್ವೀಡನ್ನಿನ ಪಂಚಾಂಗದಲ್ಲಿ ಒಂದೊಂದು ದಿನಕ್ಕೂ ಹೆಸರು ಕೊಟ್ಟಿರುತ್ತಾರೆ. ಜುಲೈ 24 ಕ್ರಿಸ್ತೀನಾಗೂ ಕೆರ್ಸ್ಟಿನ್‌ಗೂ ಸೇರಿದ ದಿನ. ಪಕ್ಕದ ಮನೆ ಅಜ್ಜಿಗೆ ಅವತ್ತು ಫೋನ್ ಮಾಡಿಸಿ, "ಗ್ರಾತ್ತಿಸ್, ಶ್ಯಾಷ್ಟಿನ್" ಅನ್ನಿ. ಗ್ರಾತ್ತಿಸ್ ಅಂದರೆ ಅಭಿನಂದನೆ. ಗ್ರಾತ್ತಿಸ್‌ನಲ್ಲಿ ತ, ಶ್ಯಾಷ್ಟಿನ್‌ನಲ್ಲಿ ಟ. ಅದಲು ಬದಲು ಮಾಡಬೇಡಿ. ನಮಸ್ಕಾರ.