ಹಳೆಯ ಡಿಸ್ಕು, ಹೊಸ ತೂತು

ಕೇಳುಗರೇ, ನಮಸ್ಕಾರ. ಜಡಿಮಳೆಯಲ್ಲಿ ಮಂಗಳೂರಿನ ಕೂಳೂರು ಸೇತುವೆ ದಾಟುವಾಗ ಎದುರಿನ ಬಸ್ ಥಟ್ಟನೆ ನಿಂತಿತು ಎಂದುಕೊಳ್ಳಿ. ಎಪ್ಪತ್ತರ ದಶಕದ ಡಿಸ್ಕ್ ಬ್ರೇಕಿನ (ಚಕ್ರದೊಡನೆ ತಿರುಗುವ ಡಿಸ್ಕ್ ಎಂಬ ಉಕ್ಕಿನ ತಟ್ಟೆಯನ್ನು ಎರಡು ಪ್ಯಾಡ್‌ಗಳು ಒತ್ತಿ ಹಿಡಿಯುವ ಬ್ರೇಕ್) ಮೋಟಾರ್ ಸೈಕಲ್ ನಿಮ್ಮದಾದರೆ, ಬ್ರೇಕ್ ಒತ್ತಿದ ಮೇಲೂ ಅರೆಕ್ಷಣ ಏನೂ ಆಗುವುದಿಲ್ಲ. ಆ ಅರೆಕ್ಷಣವನ್ನು ನಾನು ಹಲವು ಮಳೆಗಾಲ ಅನುಭವಿಸಿದ್ದೇನೆ.

1969ರಲ್ಲಿ ಹೋಂಡಾ ಸಿಬಿ 750 ಮುಂದಿನ ಚಕ್ರದಲ್ಲಿ ಡಿಸ್ಕ್ ಹೊತ್ತು ಬಂತು. ಮುಂದೆ ಜಪಾನಿನ ದೊಡ್ಡ ಗಾಡಿಗಳಿಗೆ ಅದೇ ರೂಢಿಯಾಯಿತು. ನನ್ನದೂ ಆ ಕಾಲದ್ದೇ. ಸ್ಟೇನ್‌ಲೆಸ್ ಸ್ಟೀಲಿನ 7 ಮಿಲಿಮೀಟರ್ ದಪ್ಪದ ಡಿಸ್ಕ್ ನಮ್ಮ ಉಪ್ಪುಗಾಳಿಗೆ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಅದರ ನುಣುಪು ಮೈಮೇಲೆ ನೀರಿನ ಪದರ ನಿಂತುಬಿಡುತ್ತದೆ. ಭಾರವೂ ಹೆಚ್ಚು. ಈ ಭಾರ ಗಾಡಿಯ ಕುಲುಕು ತಡೆಯುವ ಸ್ಪ್ರಿಂಗಿನ ಕೆಳಗಿರುವುದರಿಂದ ರಸ್ತೆಯ ಗುಂಡಿ ಸಿಕ್ಕಾಗ ಚಕ್ರ ನೆಲ ಬಿಟ್ಟು ಕುಪ್ಪಳಿಸುತ್ತದೆ.

ತೂಕ ಇಳಿಸಲು ಡಿಸ್ಕಿಗೆ ತೂತು ಕೊರೆಸುವವರು ಬಹಳ. ಲೆಕ್ಕ ಹಾಕಿ ನೋಡಿ: 6 ಮಿಲಿಮೀಟರ್ ಅಗಲದ ಒಂದು ತೂತಿನಿಂದ ಹೋಗುವುದು ಒಂದೂವರೆ ಗ್ರಾಂ ಉಕ್ಕು. 60 ತೂತಿಗೆ 90 ಗ್ರಾಂ, ಎರಡು ಕೋಳಿಮೊಟ್ಟೆಯಷ್ಟೂ ಇಲ್ಲ. ಆದರೂ ಕೊರೆಸಬೇಕು ಎನ್ನುತ್ತೇನೆ, ತೂಕಕ್ಕಲ್ಲ, ಮಳೆಗೆ. ಪ್ಯಾಡಿನಡಿಯ ನೀರಿಗೆ ತೂತೇ ದಾರಿ.

ಡಿಸ್ಕನ್ನು ಸವೆಸಿ ತೆಳುವಾಗಿಸುವುದು ಮಾತ್ರ ಬೇಡ. ಗಾಡಿಯ ವೇಗವನ್ನೆಲ್ಲ ಬಿಸಿಯಾಗಿ ನುಂಗಿಕೊಳ್ಳುವುದು ಆ ಉಕ್ಕೇ. ಸವಾರನೂ ಸೇರಿ 200 ಕಿಲೋ ಭಾರ ಆಗುಂಬೆ ಘಾಟಿಯಲ್ಲಿ 500 ಮೀಟರ್ ಕೆಳಗಿಳಿದರೆ ಹುಟ್ಟುವ ಬಿಸಿ, ಗಂಟೆಗೆ 80 ಕಿಲೋಮೀಟರ್ ವೇಗದಿಂದ 20 ಬಾರಿ ಗಾಡಿ ನಿಲ್ಲಿಸಿದಷ್ಟು! ಎಂಜಿನ್ ಒಂದಿಷ್ಟು ತಡೆದರೂ ಉಳಿದದ್ದು ಡಿಸ್ಕಿನ ಪಾಲು. ತೂಕ ತೆಗೆಯಬೇಕಾದದ್ದು ಪ್ಯಾಡ್ ಮುಟ್ಟದ ನಡುಭಾಗದಿಂದ. ಅಲ್ಲಿ ಉಕ್ಕಿನ ಬದಲು ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹದ ತಟ್ಟೆ ಕೂರಿಸಿದರೆ ಆ ಭಾಗದ ಭಾರ ಸುಮಾರು ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಖರ್ಚು ಹೆಚ್ಚು, ಕೆಲಸ ಬಲ್ಲ ಟರ್ನರ್ (ಲೇತ್ ಯಂತ್ರದ ಕೆಲಸಗಾರ) ಬೇಕು.

ನನ್ನ ಮೊದಲ ಡಿಸ್ಕ್ ಹಾಳಾದದ್ದು ಅವಸರದಿಂದ. ಕೊರೆದವರು ತೂತಿನ ಅಂಚು ಹಾಗೆಯೇ ಬಿಟ್ಟಿದ್ದರು, ನಾನೂ ಗಮನಿಸಲಿಲ್ಲ. ಒಂದು ದಿನ ಘಾಟಿ ಇಳಿದು ಸೋಮೇಶ್ವರದಲ್ಲಿ ಚಹಾ ಕುಡಿಯುತ್ತಾ ನೋಡಿದರೆ, ಒಂದು ತೂತಿನಿಂದ ಹೊರಗಿನ ಅಂಚಿನವರೆಗೆ ಕೂದಲೆಳೆಯ ಬಿರುಕು. ಕೈ ತಣ್ಣಗಾಯಿತು. ಚೂಪು ಅಂಚಿನಲ್ಲೇ ಬಿರುಕು ಹುಟ್ಟುವುದು. ಪ್ರತಿ ತೂತಿನ ಎರಡೂ ಬಾಯಿಯನ್ನು ಇಳಿಜಾರಾಗಿ ಕೆತ್ತಿಸಿ. ಡಿಸ್ಕಿನ ಅಂಚಿಗೆ ತೀರಾ ಹತ್ತಿರ ಕೊರೆಸಬೇಡಿ. ಜೋಡಿಸಿದ ಮೇಲೆ ಡಯಲ್ ಗೇಜ್ (ಕೂದಲೆಳೆಯಷ್ಟು ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಇಟ್ಟು ಡಿಸ್ಕ್ ಓಲಾಡುತ್ತದೆಯೇ ನೋಡಿ.

ಎರಡನೆಯ ಡಿಸ್ಕಿಗೆ ಇದನ್ನೆಲ್ಲ ಮಾಡಿಸಿದೆ. ಈ ಜೂನ್‌ನಲ್ಲಿ ಅದೇ ಕೂಳೂರು ಸೇತುವೆಯ ಮೇಲೆ, ಸುರಿಯುವ ಮಳೆಯಲ್ಲಿ, ಬ್ರೇಕ್ ಒತ್ತಿದ ಕೂಡಲೇ ಕಚ್ಚಿತು. ತೊಯ್ದು ಮನೆಗೆ ಬಂದವನು ಬಟ್ಟೆ ಬದಲಿಸುವ ಮೊದಲು ಟಾರ್ಚ್ ಹಿಡಿದು ಒಂದೊಂದೇ ತೂತಿನ ಸುತ್ತ ನೋಡಿದೆ. ಎಲ್ಲೂ ಗೆರೆ ಇರಲಿಲ್ಲ.